ಕಣ್ಣು ಮೂಡುವ ಮುನ್ನ

ನೆಂಟರಿಷ್ಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕಿವಿಗೊಟ್ಟಳು. ಏನೋ ಕೇಳಿಸಬೇಕಿತ್ತು. ಏನೆಂದು ಕೂಡಲೇ ಹೊಳೆಯಲಿಲ್ಲ. ಹಿತ್ತಲ ಕಡೆಯ ಮೊಟ್ಟೆಕೋಣೆಯಲ್ಲಿ ಪೈಪಿನ ನೀರು ಎಂದಿನಂತೆ ತೊಟ್ಟಿಯಿಂದ ತೊಟ್ಟಿಗೆ ಬೀಳುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆಯೊಂದನ್ನು ಬೀಳಿಸಿ, ಬಿದ್ದದ್ದು ಪಾತ್ರೆಯದೇ ತಪ್ಪೆಂಬಂತೆ ಅದಕ್ಕೆ ಬೈದದ್ದೂ ಕೇಳಿಸಿತು. ಬಾಯಿ ಮುಕ್ಕಳಿಸಿ ಉಗುಳಿದ ಮೇಲೆ ನೆನಪಾಯಿತು. ಸಂಖ್ಯೆ. ಗಂಡ ದಿನಾ ಬೆಳಿಗ್ಗೆ ಬಾಯಿತುಂಬ ನೊರೆ ಇಟ್ಟುಕೊಂಡೇ ಒಂದು ಸಂಖ್ಯೆ ಹೇಳುತ್ತಿದ್ದ.

ಅವನು ಮೀನುಮರಿ ಮಾಡುವವನು. ಹೊಳೆಯ ತಣ್ಣೀರನ್ನು ಪೈಪಿನಲ್ಲಿ ತಂದು, ತಾಯಿಮೀನುಗಳ ಹೊಟ್ಟೆ ಸವರಿ ಮೊಟ್ಟೆ ಇಳಿಸಿಕೊಂಡು, ಕತ್ತಲಕೋಣೆಯ ತೊಟ್ಟಿಗಳಲ್ಲಿ ಜಾಲರಿ ತಟ್ಟೆಗಳ ಮೇಲೆ ಹರಡಿ, ಮರಿಯಾದ ಮೇಲೆ ಸುತ್ತಲಿನ ಸಾಕಣೆಕೊಳಗಳಿಗೆ ಕೊಡುವುದು ಅವನ ಕಸುಬು. ಒಳಗಿನ ಜೀವ ಎಷ್ಟು ಬಲಿತಿದೆ ಎಂದು ದಿನ ಎಣಿಸಿ ಹೇಳಲಾಗುವುದಿಲ್ಲ. ನೀರು ತಣ್ಣಗಿದ್ದರೆ ಮೊಟ್ಟೆ ನಿಧಾನ, ಬೆಚ್ಚಗಿದ್ದರೆ ಬೇಗ. ಅದಕ್ಕೇ ಅವನು ಎದ್ದವನೇ ತೊಟ್ಟಿಯಲ್ಲಿ ಥರ್ಮಾಮೀಟರ್ ಅದ್ದಿ, ಅಂದಿನ ಬಿಸಿಯನ್ನು ನಿನ್ನೆಯವರೆಗಿನ ಮೊತ್ತಕ್ಕೆ ಕೂಡಿಸಿ, ಬಂದ ಮೊತ್ತವನ್ನು ಹಲ್ಲುಜ್ಜುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಎಲ್ಲೂ ಬರೆದಿಟ್ಟವನಲ್ಲ. "ಬರೆದಿಟ್ರೆ ಮರೆತುಹೋಗುತ್ತೆ," ಎನ್ನುತ್ತಿದ್ದ. ಅದೇನು ಮಾತೋ. ಆದರೂ ಅವಳು ನಗುತ್ತಿದ್ದಳು.

ಹೊಳೆಯ ಹತ್ತಿರ ಪೈಪಿನ ಬಾಯಿಗೆ ಸಿಕ್ಕಿಕೊಂಡಿದ್ದ ಎಲೆ ತೆಗೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಆ ದಿನ ಬೆಳಿಗ್ಗೆಯೂ ಸಂಖ್ಯೆ ಹೇಳಿದ್ದ. ಅವಳಿನ್ನೂ ಹಾಸಿಗೆಯಲ್ಲಿದ್ದಳು. ಕೇಳಿಸಿತ್ತು. ಏನು ಕೇಳಿಸಿತ್ತು ಎಂಬುದು ಮಾತ್ರ ಎಷ್ಟು ಕೆದಕಿದರೂ ಬರಲೊಲ್ಲದು.

ಅವಳು ಗಂಡನ ಉಣ್ಣೆಕೋಟು ಹಾಕಿಕೊಂಡು ಮೊಟ್ಟೆಕೋಣೆಗೆ ಹೋದಳು. ಕೋಟಿನ ಜೇಬುಗಳನ್ನು ಅತ್ತೆ ಆಗಲೇ ಖಾಲಿ ಮಾಡಿ, ಸಿಕ್ಕಿದ್ದನ್ನೆಲ್ಲ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಒಂದು ಬಟ್ಟಲಲ್ಲಿ ಸುರಿದಿಟ್ಟಿದ್ದರು. ಬೀಗದ ಕೈ, ತಂತಿಯ ತುಂಡು, ಅರ್ಧ ಬಾಚಣಿಗೆ, ಲೋಳೆ ಒಣಗಿ ಮಸುಕಾದ ಒಂದು ಕಪ್ಪು ಬಿರಡೆಯಂಥದು. ಅದೇನೆಂದು ಯಾರಿಗೂ ಗೊತ್ತಾಗಿರಲಿಲ್ಲ.

ಮೊಟ್ಟೆಕೋಣೆ ಮನೆಗೆ ಅಂಟಿಕೊಂಡೇ ಇತ್ತು. ಕಿಟಕಿಯಿಲ್ಲ. ಬಾಗಿಲಿಗೆ ದಪ್ಪ ಕಂಬಳಿ. ಮೊಟ್ಟೆಗೆ ಬೆಳಕು ಆಗದೆಂದು ಅವನು ಒಳಗೆ ಕೆಂಪು ಪ್ಲಾಸ್ಟಿಕ್ ಸುತ್ತಿದ ಟಾರ್ಚಿನಲ್ಲೇ ಕೆಲಸ ಮಾಡುತ್ತಿದ್ದ. ಮೇಲೊಂದು ಬಲ್ಬು ಇದ್ದದ್ದು ನಿಜ. ಅದು ತೊಟ್ಟಿಗಳು ಖಾಲಿ ಇರುವಾಗ ತೊಳೆಯಲಿಕ್ಕೆ. ಅವಳು ಕಂಬಳಿ ಸರಿಸಿದಾಗ ಆ ಬಲ್ಬು ಉರಿಯುತ್ತಿತ್ತು.

ಯಾರು ಹಾಕಿದ್ದು? ನಿನ್ನೆ ಸಂಜೆ ತಾನೇ ಬಂದು ಆರಿಸುವುದನ್ನು ಮರೆತೆನೇ? ಬಂದಿದ್ದೆನೇ? ಕಳೆದ ದಿನಗಳೆಲ್ಲ ಒಂದೇ ಮುದ್ದೆಯಾಗಿ ಬಿದ್ದಿದ್ದವು, ಬಿಡಿಸಿ ನೋಡಲಾಗುತ್ತಿರಲಿಲ್ಲ. ಬಲ್ಬು ಆರಿಸಿ ಟಾರ್ಚು ಹಿಡಿದು ತೊಟ್ಟಿಯ ಮೇಲೆ ಬಗ್ಗಿದಳು.

ಮೊಟ್ಟೆಗಳು ಬಟಾಣಿಗಿಂತ ಕೊಂಚ ಸಣ್ಣವು, ಒಂದಕ್ಕೊಂದು ತಾಗಿಕೊಂಡು ತಟ್ಟೆ ತುಂಬ ಹಾಸಿದ್ದವು. ಅಲ್ಲಲ್ಲಿ ಕೆಲವು ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಸತ್ತ ಮೊಟ್ಟೆಗಳು. ಅವುಗಳ ಸುತ್ತ ಹತ್ತಿಯ ಎಳೆಯಂಥದು ಬೆಳೆದು ನೀರಿನ ಸೆಳೆತಕ್ಕೆ ಮೆಲ್ಲಗೆ ಓಲಾಡುತ್ತಿತ್ತು. ಎಳೆಗಳು ಸತ್ತದ್ದರ ಮೈಮೇಲಷ್ಟೇ ನಿಂತಿರಲಿಲ್ಲ. ಪಕ್ಕದ ಬದುಕಿದ್ದವನ್ನೂ ತಬ್ಬಿಕೊಂಡಿದ್ದವು.

ಅವಳು ಓದಿದ್ದು ಸಸ್ಯಶಾಸ್ತ್ರ. ವಿಶ್ವವಿದ್ಯಾಲಯದಲ್ಲಿದ್ದಾಗ ಇದನ್ನೇ ಬೇಕೆಂದು ಬೆಳೆಸಿದ್ದಳು. ಬಸಿಯಲ್ಲಿ ಕೆರೆಯ ನೀರು ಹಾಕಿ, ಒಂದು ಸತ್ತ ನೊಣ ತೇಲಿಬಿಟ್ಟು ಕಾದರೆ, ನೊಣದ ಸುತ್ತ ಬೆಳ್ಳಗೆ ಕಿರಣಗಳಂತೆ ಎಳೆ ಮೂಡುತ್ತದೆ. ಆಗ ಅವಳು, "ಎಷ್ಟು ಚೆನ್ನಾಗಿದೆ ನೋಡ್ರೇ," ಎಂದು ಗೆಳತಿಯರನ್ನೆಲ್ಲ ಕರೆದು ತೋರಿಸಿದ್ದಳು. ಅದನ್ನು ನೋಡಿ ಬಿಡಿಸಿದ ಚಿತ್ರಕ್ಕೆ ಮೆಚ್ಚುಗೆಯೂ ಸಿಕ್ಕಿತ್ತು. ಈಗ ತೊಟ್ಟಿಯ ಅಂಚು ಹಿಡಿದು ನಿಂತವಳಿಗೆ ಅದು ಈಗಲೂ ಚೆನ್ನಾಗಿಯೇ ಕಂಡಿತು. ಹಾಗೆ ಕಂಡದ್ದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ.

ಮೈದುನ ಲಾರಿ ಓಡಿಸುವವನು. ಅಣ್ಣನ ಸುದ್ದಿ ಕೇಳಿ ಅರ್ಧ ದಾರಿಯಿಂದ ಬಂದವನು ಇನ್ನೂ ಇಲ್ಲೇ ಇದ್ದ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಆಳು. ಈ ದಿನಗಳಲ್ಲಿ ಮನೆಯ ಬಾಗಿಲುಗಳ ಕೀಲಿಗೆಲ್ಲ ಎಣ್ಣೆ ಬಿಟ್ಟಿದ್ದ. ಹಿಂದಿನ ದಿನ ನೆಂಟರ ಎದುರಿಗೇ ಮಾತೆತ್ತಿದ್ದ: "ಈ ಸಲದ ಮರಿ ಆದ್ರೆ ಕೆಲಸ ನಡೆಸೋ ದಾರಿ ಹುಡುಕೋಣ. ಆಗಲಿಲ್ಲ ಅಂದ್ರೆ ನೀರು ನಿಲ್ಲಿಸಿ ಬೀಗ ಹಾಕೋಣ. ಅಮ್ಮ ನನ್ನ ಜೊತೆ ಬರಲಿ, ಅತ್ತಿಗೆ ತವರಿಗೆ ಹೋಗಲಿ." ಎಲ್ಲರೂ ತಲೆಯಾಡಿಸಿದ್ದರು. ಅವಳೂ ಆಡಿಸಿದ್ದಳು. ಆಮೇಲೆ ಹಾಸಿಗೆಯಲ್ಲಿ ಮಲಗಿ ನೀರಿನ ಸದ್ದು ಕೇಳುತ್ತ, ಇದು ನಿಂತ ಮನೆ ಹೇಗಿರಬಹುದು ಎಂದು ಯೋಚಿಸಲು ಹೋದಳು. ಆಗಲಿಲ್ಲ. ತನಗೇನು ಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಆ ಸದ್ದು ನಿಲ್ಲಬಾರದು ಎಂಬುದಷ್ಟು ತಿಳಿದಿತ್ತು.

ಬೂಷ್ಟು ಹಿಡಿದದ್ದನ್ನು ಹೇಳಿದ್ದೇ ತಡ, ಮೈದುನ ಹಿತ್ತಲ ಕೊಟ್ಟಿಗೆಯಿಂದ ಫಾರ್ಮಲಿನ್ ಕ್ಯಾನು ಹೊತ್ತು ತಂದ.

"ಅಣ್ಣ ಇದನ್ನೇ ಹಾಕ್ತಿದ್ದ. ನಾನೇ ಎಷ್ಟೋ ಸಲ ಪಟ್ಟಣದಿಂದ ತಂದುಕೊಟ್ಟಿದೀನಿ. ಎಷ್ಟು ಹುಯ್ಯಲಿ, ಹೇಳಿ ಅತ್ತಿಗೆ."

ಅವಳು ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಳದಲ್ಲಿ ಬಿಳಿಯ ಹಿಟ್ಟಿನಂಥದು ದಪ್ಪಗೆ ಕೂತಿತ್ತು.

"ಇದು ಕೆಟ್ಟಿದೆ. ಚಳಿಯಲ್ಲಿಟ್ಟರೆ ಹೀಗಾಗುತ್ತೆ. ಈ ಬಿಳೀದು ನೀರಿಗೆ ಬಿದ್ದರೆ ಬೂಷ್ಟಿಗಿಂತ ಮೊದಲು ಮೊಟ್ಟೆ ಸಾಯುತ್ತೆ."

"ಚೆನ್ನಾಗಿ ಕುಲುಕಿದ್ರೆ ಬೆರೆತುಹೋಗುತ್ತಲ್ವಾ?"

"ಕುಲುಕಬೇಡ ಮಾರಾಯ. ಕೆಳಗಿಡು."

ಅವನು ಅಂಗಡಿಗೆ ಫೋನು ಮಾಡಿದ. ಹೊಸ ಸರಕು ಮುಂದಿನ ವಾರ ಎಂದರು.

"ಹಾಗಾದ್ರೆ ಕೈಯಲ್ಲೇ ಹೆಕ್ಕಿ ಬಿಸಾಕೋಣ. ಸತ್ತಿದ್ದು ಬೆಳ್ಳಗೆ ಕಾಣುತ್ತಲ್ಲ, ಕುರುಡನೂ ಹೆಕ್ಕಬಹುದು."

"ಕಣ್ಣು ಮೂಡೋ ತನಕ ಮುಟ್ಟೋ ಹಾಗಿಲ್ಲ. ಅವರು ನನ್ನನ್ನ ತೊಟ್ಟಿ ಹತ್ತಿರ ಸೀನೋಕೂ ಬಿಡ್ತಿರಲಿಲ್ಲ. ತಟ್ಟೆ ಅಲುಗಿದರೂ ಒಳಗಿರೋದು ಸತ್ತುಹೋಗುತ್ತಂತೆ. ಕಣ್ಣು ಮೂಡಿದ ಮೇಲೆ ಗಟ್ಟಿ, ಏನು ಮಾಡಿದರೂ ತಡಕೊಳ್ಳುತ್ತೆ."

"ಸರಿ. ಮೂಡಿದೆಯಾ?"

"ಇರಬಹುದು. ಇಲ್ಲದೆಯೂ ಇರಬಹುದು."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ ಅತ್ತಿಗೆ. ಮುಟ್ಟಿದ್ರೂ ಸಾಯುತ್ತೆ, ಬಿಟ್ರೂ ಸಾಯುತ್ತೆ ಅಂದ್ರೆ ನಾವು ಮಾಡೋದೇನು?"

"ಕೂಗಾಡಬೇಡ್ವೋ," ಎಂದರು ಅತ್ತೆ ಒಲೆಯ ಹತ್ತಿರದಿಂದ. "ಹೆಡ್‌ಲೈಟ್ ಹಾಕಿದ ಹಾಗೆ ಕಣ್ಣು ಬಿಡ್ತಾನೆ. ಅವಳು ಓದಿದೋಳು, ಯೋಚನೆ ಮಾಡ್ಲಿ ಬಿಡು."

ಅವಳು ಯೋಚನೆ ಮಾಡಿದಳು. ಮೊಟ್ಟೆ ಹಾಕಿದ್ದು ಯಾವಾಗ? ಗಂಡ ತೋಳಿನವರೆಗೆ ಒದ್ದೆಯಾಗಿ ಬಂದು, "ಕಡೇ ತಟ್ಟೆನೂ ಆಯ್ತು ಕಣೇ," ಎಂದದ್ದು ಕಣ್ಣಿಗೆ ಕಟ್ಟಿದಂತಿತ್ತು. ಆಗ ಕರೆಂಟು ಹೋಗಿತ್ತು, ಅವಳು ಮೇಣದಬತ್ತಿ ಹಿಡಿದಿದ್ದಳು. ಆದರೆ ಅದೇ ಮಾತು ಆಡುವಾಗ ಹಿಂದೆ ರೇಡಿಯೋ ಹಾಡುತ್ತಿದ್ದದ್ದೂ ನೆನಪಿತ್ತು. ಕರೆಂಟಿಲ್ಲದೆ ಆ ಹಳೆಯ ರೇಡಿಯೋ ಹೇಗೆ ಹಾಡೀತು? ಎರಡರಲ್ಲಿ ಒಂದು ಹೋದ ವರ್ಷದ್ದಿರಬೇಕು. ಯಾವುದು? ಥರ್ಮಾಮೀಟರ್ ಅದ್ದಿ ನೋಡಿದಳು. ಅದು ಇವತ್ತಿನದನ್ನು ಹೇಳಿತು. ಕೂಡಿಸಲು ನಿನ್ನೆಯದು ಬೇಡವೇ? ಕಾಲೇಜಿನಲ್ಲಿ ಅವಳು ಪಾಠ ಹೇಳುವ ಕೋಣೆಯ ಪಕ್ಕದಲ್ಲೇ ಒಳ್ಳೆಯ ಸೂಕ್ಷ್ಮದರ್ಶಕವಿತ್ತು. ರಜೆ, ಬೀಗದ ಕೈ ಇಟ್ಟುಕೊಂಡವರು ಊರಲ್ಲಿರಲಿಲ್ಲ.

ಮಧ್ಯಾಹ್ನ ಮತ್ತೆ ಕಂಬಳಿ ಸರಿಸಿದರೆ ಬಲ್ಬು ಉರಿಯುತ್ತಿತ್ತು.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಬೆಳಿಗ್ಗೆ ಆರಿಸಿದ್ದು ಖಂಡಿತ. ಸ್ವಿಚ್ಚಿನ ತಣ್ಣನೆ ಸ್ಪರ್ಶ ಇನ್ನೂ ಬೆರಳಿನಲ್ಲಿತ್ತು. ಅಥವಾ ಅದು ಹಾಕಿದಾಗಿನದೇ? ನಿನ್ನೆ ಚಹಾಕ್ಕೆ ಉಪ್ಪು ಹಾಕಿದವಳು ಅವಳು. ಮೈದುನ ಒಂದು ಮಾತಾಡದೆ ಪೂರ್ತಿ ಕುಡಿದಿದ್ದ. ಅಂಥ ಕೈಯನ್ನು ಏನೆಂದು ನಂಬುವುದು? ಬಲ್ಬಿನ ನೇರ ಕೆಳಗಿದ್ದ ತಟ್ಟೆ ಮಿಕ್ಕವುಗಳಿಗಿಂತ ಬೆಳ್ಳಗಿತ್ತು. ಅದನ್ನು ಕಂಡಳು. ಕಂಡದ್ದನ್ನು ಯಾವುದರ ಜೊತೆಗೆ ಇಟ್ಟು ನೋಡಬೇಕೋ ತೋಚಲಿಲ್ಲ. ದೀಪ ಆರಿಸಿ ಬಂದಳು.

ಮಾರನೆಯ ದಿನ ಗಂಡನ ಪರಿಚಯದ ಗಡಿಯಾರ ರಿಪೇರಿಯವರು ಬಂದರು. ಪಟ್ಟಣದ ಬಸ್ ನಿಲ್ದಾಣದ ಹಿಂದೆ ಒಂದು ಗೂಡಿನಷ್ಟು ಅಂಗಡಿ ಅವರದು. ಮಗಳ ಊರಿಗೆ ಹೋಗಿದ್ದರಿಂದ ಸುದ್ದಿ ತಡವಾಗಿ ತಿಳಿಯಿತಂತೆ. ಕುರ್ಚಿಯ ತುದಿಯಲ್ಲಿ ಕೂತು, ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, "ನಂಬೋಕಾಗಲಿಲ್ಲ ತಾಯಿ," ಎಂದರು. ಅವರ ಬಲಗಣ್ಣಿನ ಕೆಳಗೆ, ಕೆನ್ನೆಯ ಮೇಲೆ, ಅರ್ಧಚಂದ್ರದ ಆಕಾರದ ಗೀರು ಕೆಂಪಗಿತ್ತು.

"ಕೆನ್ನೆಗೆ ಏನಾಯ್ತು?" ಎಂದು ಅತ್ತೆ ಚಹಾ ಕೊಡುತ್ತ ಕೇಳಿದರು.

"ಏನಿಲ್ಲ. ಹಳೇ ಕಣ್ಣುಗಾಜು ಹಾಕ್ಕೊಂಡು ಕೆಲಸ ಮಾಡ್ತಿದೀನಿ. ಅಂಚು ಒಡೆದಿದೆ, ಕುಯ್ಯುತ್ತೆ." ಅಷ್ಟು ಹೇಳಿ ಅವರು ಕಿಟಕಿಯ ಕಡೆ ನೋಡಿದವರು, ತಟ್ಟನೆ ನೋಟ ತಿರುಗಿಸಿ ಚಹಾ ಊದಿದರು. ಮತ್ತೆ ನೋಡಿದರು. ಮತ್ತೆ ಊದಿದರು.

ಅವಳೂ ಕಿಟಕಿಯ ಕಡೆ ನೋಡಿದಳು. ಅಲ್ಲಿ ಬಟ್ಟಲಿತ್ತು.

"ಅದು ನಿಮ್ಮದಾ?"

"ಇರಲಿ ಬಿಡಿ ತಾಯಿ. ಅದನ್ನ ಕೇಳೋಕೆ ಬಂದದ್ದಲ್ಲ ನಾನು. ಆಣೆ ಮಾಡಿ ಹೇಳ್ತೀನಿ."

"ಯಾವುದು?" ಎಂದು ಮೈದುನ ಎದ್ದುಹೋಗಿ ಬಟ್ಟಲು ತಡಕಿದ. "ಈ ಟಾರ್ಚಿನ ಮುಚ್ಚಳಾನಾ?"

"ಪಂಪಿನ ಬಿರಡೆ ಅಲ್ವೇನೋ ಅದು?" ಎಂದರು ಅತ್ತೆ. "ನಾನು ಉಪ್ಪಿನ ಡಬ್ಬಿಗೆ ಸರಿಹೋಗುತ್ತಾ ನೋಡಿದ್ದೆ."

ಗಡಿಯಾರದವರು ಅದನ್ನು ಕೈಗೆ ತೆಗೆದುಕೊಂಡು, ಕರವಸ್ತ್ರದ ಮೂಲೆಯನ್ನು ನಾಲಿಗೆಗೆ ತಾಗಿಸಿ, ಒಣಗಿದ ಲೋಳೆಯನ್ನು ಒರೆಸಿದರು. ಒಳಗಿನಿಂದ ಗಾಜು ಹೊಳೆಯಿತು. ಅವರು ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೈ ಬಿಟ್ಟರು. ಅದು ಅಲ್ಲೇ ನಿಂತಿತು. ಭೂತಗನ್ನಡಿ ಹಿಡಿದೇ ಪದವಿ ಪಡೆದವಳು ಎರಡು ದಿನ ಅದರ ಪಕ್ಕದಲ್ಲೇ ಚಹಾ ಮಾಡಿದ್ದಳು.

"ಅವರು ಯಾಕೆ ತಗೊಂಡರು?"

"ಮಕ್ಕಳಿಗೆ ಕಣ್ಣು ಬರೋ ಹೊತ್ತಾಯ್ತು, ಬರೀ ಕಣ್ಣಿಗೆ ಕಾಣ್ತಿಲ್ಲ ಅಂದ್ರು." ಅವರು ಕಣ್ಣುಗಾಜು ತೆಗೆದು ಅಂಗೈಯಲ್ಲಿಟ್ಟುಕೊಂಡರು. "ನಾನು ಬೇರೇನೋ ಅಂದುಕೊಂಡು, ಸಿಹಿ ಕೊಡಿಸಿ ಮತ್ತೆ ಅಂದೆ. ಅವರು ನಕ್ಕೂ ನಕ್ಕೂ ಬೆಂಚಿನ ಮೇಲೆ ಕೂತುಬಿಟ್ರು. ಆಮೇಲೆ ತಿಳೀತು, ಮೀನಿನ ಮಕ್ಕಳು ಅಂತ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಅತ್ತರೋ ತಿಳಿಯಲಿಲ್ಲ. ಅವಳು ಕೇಳಿದಳು:

"ತಗೊಂಡದ್ದು ಯಾವಾಗ?"

"ನಾನು ಮಗಳ ಮನೆಗೆ ಹೊರಟಿದ್ನಲ್ಲ, ಅದರ ಹಿಂದಿನ ದಿನ. ವಾಪಸು ಬರೋ ಹೊತ್ತಿಗೆ ಕೊಡ್ತೀನಿ ಅಂದಿದ್ರು."

ಅಂದರೆ ಸಾಯುವ ಮುನ್ನ ಅವನು ಕಣ್ಣಿಗಾಗಿ ಕಾಯಲು ಶುರುಮಾಡಿದ್ದ. ಮೊತ್ತ ಹತ್ತಿರ ಬಂದಿತ್ತು. ಇವತ್ತಿಗೆ ದಾಟಿರಬೇಕು. ಇರಬೇಕು. ಆಮೇಲೆ ಹೊಳೆಯ ನೀರು ಇನ್ನಷ್ಟು ತಣ್ಣಗಾಗಿತ್ತಲ್ಲ? ಆ ಬಲ್ಬು ಏನು ಮಾಡಿದೆಯೋ?

"ಇನ್ನೊಂದು ದಿನ ನನ್ನ ಹತ್ತಿರ ಇರಲಾ?" ಎಂದಳು.

"ಒಂದು ತಿಂಗಳು ಇರಲಿ ತಾಯಿ," ಎಂದರು ಅವರು, ಕೆನ್ನೆ ಸವರಿಕೊಳ್ಳುತ್ತ.

ಹೊರಡುವಾಗ ಹೊಸ್ತಿಲಲ್ಲಿ ನಿಂತು, ಕಣ್ಣುಗಾಜನ್ನು ಕಣ್ಣಿನಿಂದ ಹಿಡಿಯಬೇಕು, ಕೈಯಿಂದಲ್ಲ ಎಂದು ಹೇಳಿಕೊಟ್ಟರು. ಅವಳು ಸಿಕ್ಕಿಸಿಕೊಂಡಳು, ಬಿತ್ತು. ಮತ್ತೆ ಸಿಕ್ಕಿಸಿಕೊಂಡಳು, ಬಿತ್ತು. "ಕೋಪ ಬಂದ ಹಾಗೆ ಮುಖ ಮಾಡಿ," ಎಂದರು. ಆಗ ನಿಂತಿತು.

ಒಂದು ಮೊಟ್ಟೆಯನ್ನಾದರೂ ತೆಗೆಯಲೇಬೇಕಿತ್ತು. ಕಣ್ಣು ಮೂಡಿರದಿದ್ದರೆ ಅದು ಸಾಯುತ್ತದೆ. ಅದನ್ನು ತೆಗೆಯುವಾಗ ಕೈ ನಡುಗಿ ತಟ್ಟೆ ಅಲುಗಿದರೆ ಉಳಿದವೂ ಹೋಗುತ್ತವೆ. ಅವಳು ಗಂಡನ ಗಾಜಿನ ನಳಿಗೆ ಹುಡುಕಿದಳು. ಒಂದು ತುದಿಗೆ ರಬ್ಬರಿನ ಬುರುಡೆ; ಒತ್ತಿ ಬಿಟ್ಟರೆ ಒಂದೇ ಮೊಟ್ಟೆ ಒಳಗೆ ಏರುವಷ್ಟು ಅಗಲ. ಮೂಲೆಯಲ್ಲಿ, ಬೂಷ್ಟಿನಿಂದ ದೂರ ಇದ್ದ ಒಂದನ್ನು ಆರಿಸಿಕೊಂಡಳು. ಉಸಿರು ಬಿಗಿಹಿಡಿದು ಬುರುಡೆ ಸಡಿಲಿಸಿದಳು. ಮೊಟ್ಟೆ ಮೇಲೆ ಬಂತು. ಅದನ್ನು ನೀರಿದ್ದ ಬಸಿಗೆ ಬಿಟ್ಟು, ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಮೇಜಿಗೆ ತಂದಳು. ಮೈದುನ ಯಾರೂ ಹೇಳದೆಯೇ ರೇಡಿಯೋ ನಿಲ್ಲಿಸಿದ.

ಮೊದಲು ಕಂಡದ್ದು ಅವಳದೇ ರೆಪ್ಪೆಗಳು, ಮರದ ಕೊಂಬೆಗಳಷ್ಟು ದಪ್ಪ. ಆಮೇಲೆ ಬರೀ ಹೊಳಪು. ಬಸಿಗೆ ಮೂಗು ತಾಗುವಷ್ಟು ಬಗ್ಗಿದಾಗ ಮೊಟ್ಟೆ ಒಮ್ಮೆಲೇ ಎದ್ದು ಬಂತು. ಕಿತ್ತಳೆ ಬಣ್ಣದ ದೊಡ್ಡ ಗೋಳ, ಒಳಗೆ ಎಣ್ಣೆಯ ಹನಿಗಳು, ಎಲ್ಲೋ ಒಂದು ಕಡೆ ಬೂದು ನೆರಳು. ಅದು ಕಣ್ಣೇ? ಟಾರ್ಚಿನ ನೆರಳೇ? ಬಸಿ ತಿರುಗಿಸಿದಳು. ನೆರಳೂ ತಿರುಗಿತು. ಒಳಗಿನದಾಗಿದ್ದರೂ ತಿರುಗಬೇಕು, ಹೊರಗೆ ಅಂಟಿದ್ದರೂ ತಿರುಗಬೇಕು.

"ಏನಿದೆ?" ಎಂದ ಮೈದುನ.

"ನೀನು ನೋಡು."

ಅವನು ನೋಡಿದ. "ಇದೆ! ಕಪ್ಪಗೆ ಇದೆ. ಮೂರು ಇದೆ."

"ಮೂರು ಕಣ್ಣಿನ ಮೀನು ಎಲ್ಲಿ ಕಂಡಿದ್ಯೋ?" ಎಂದು ಅತ್ತೆ ಅವನನ್ನು ಸರಿಸಿ ತಾವು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. "ನನಗೆ ಮೊಟ್ಟೆಯೇ ಕಾಣ್ತಿಲ್ಲಮ್ಮ. ಆಕಾಶ ಕಂಡ ಹಾಗಾಗುತ್ತೆ."

ಅವಳು ಮತ್ತೆ ಬಗ್ಗಿದಳು. ಏನನ್ನು ಕಾಣಬೇಕೆಂದು ಗೊತ್ತಿದ್ದರೆ ಅದೇ ಕಾಣುತ್ತದೆ. ಕಾಣಬಾರದೆಂದು ಹೆದರಿದರೆ ಅದೂ ಕಾಣುತ್ತದೆ. ಇಷ್ಟನ್ನು ಅವಳು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿಲ್ಲ? ಏನೂ ನಿರೀಕ್ಷಿಸಬೇಡಿ, ಸುಮ್ಮನೆ ನೋಡಿ ಎನ್ನುತ್ತಿದ್ದಳು. ಏನೂ ನಿರೀಕ್ಷಿಸದೆ ನೋಡುವುದು ಈಚೆಗೆ ಅವಳಿಗೆ ಕಷ್ಟವಾಗಿರಲಿಲ್ಲ. ಸುಮ್ಮನೆ ನೋಡಿದಳು. ಒಲೆಯ ಮೇಲಿನ ನೀರು ಕುದಿಯತೊಡಗಿತು. ಯಾರೂ ಎದ್ದು ಆರಿಸಲಿಲ್ಲ.

ಬೂದು ನೆರಳು ಸರಿದಾಡಿತು. ಬಸಿ ಅಲುಗಿರಲಿಲ್ಲ. ಗೋಳ ಇದ್ದಲ್ಲೇ ಇತ್ತು. ಒಳಗೆ ಏನೋ ಮಗ್ಗುಲು ಬದಲಿಸಿದಂತೆ ಒಮ್ಮೆ ಕೊಸರಿತು, ನಿಂತಿತು. ನೆರಳಿದ್ದ ಕಡೆ ಈಗ ಒಂದು ಕಪ್ಪು ಚುಕ್ಕೆ. ಅದು ಆಚೆ ಸರಿಯುತ್ತಿದ್ದಂತೆ ಅದರ ಹಿಂದಿನಿಂದ ಇನ್ನೊಂದು.

"ಅಲುಗಿತು," ಎಂದಳು. "ಎರಡು ಕಣ್ಣಿದೆ."

ಬಿಳಿ ಮೊಟ್ಟೆ ಹೆಕ್ಕುವುದು ಕುರುಡನ ಕೆಲಸವೇನೂ ಆಗಿರಲಿಲ್ಲ. ಬೂಷ್ಟಿನ ಎಳೆ ಹತ್ತಾರು ಮೊಟ್ಟೆಗಳನ್ನು ಗಂಟುಕಟ್ಟಿದ ಹಾಗೆ ಹಿಡಿದಿತ್ತು. ಸತ್ತದ್ದನ್ನು ಎಳೆದರೆ ಬದುಕಿದ್ದೂ ಜೊತೆಗೆ ಬರುತ್ತಿತ್ತು. ನಳಿಗೆಯ ತುದಿಯಿಂದ ನಯವಾಗಿ ಬಿಡಿಸಬೇಕು. ಮೈದುನನ ಕೈ ಸ್ಟಿಯರಿಂಗಿಗೆ ಸರಿ, ಇದಕ್ಕಲ್ಲ. ಅವನು ಬಕೆಟ್ಟು ಹೊತ್ತ. ಅತ್ತೆಯ ಕೈ ಮಾತ್ರ ಆಶ್ಚರ್ಯವಾಗುವಷ್ಟು ಹಗುರ. ಕೆಂಪು ಬೆಳಕಿನಲ್ಲಿ ಇಬ್ಬರೂ ತೊಟ್ಟಿಯ ಎರಡು ಬದಿ ಕೂತು ಹೆಕ್ಕಿದರು. ಬೆರಳುಗಳು ಮರಗಟ್ಟಿದಾಗ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿಕೊಂಡರು.

"ಏನೂ ಕಾಣೋದಿಲ್ಲ ಇಲ್ಲಿ," ಎಂದು ಅತ್ತೆ ಗೊಣಗಿದರು. "ಅವನು ಹೇಗೆ ಮಾಡ್ತಿದ್ನೋ. ಪಾಪ, ಕತ್ತಲಲ್ಲಿ ಕೂತು ಕೂತು ಬೆಳ್ಳಗಾಗಿದ್ದ. ಅದಕ್ಕೇ ನಾನು..."

ನಿಲ್ಲಿಸಿದರು. ಅವಳು ಕೈ ತಡೆದು ಕಾದಳು.

"ಅವನು ಹೋದ ಮೇಲೂ ಇದು ಹೀಗೆ ಕತ್ತಲು ಬಿದ್ದಿರೋದು ನೋಡೋಕಾಗಲಿಲ್ಲ ಕಣೇ. ಬಂದು ದೀಪ ಹಾಕಿ ಹೋಗ್ತಿದ್ದೆ. ನೀನು ಆರಿಸ್ತಿದ್ದೆ. ನಾನು ಹಾಕ್ತಿದ್ದೆ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಹಾಗಾದರೆ ತನ್ನ ಕೈ ಕೆಟ್ಟಿರಲಿಲ್ಲ. ಆ ಬಲ್ಬಿನ ಕೆಳಗಿನ ತಟ್ಟೆ ಅವಳ ಮುಂದೆಯೇ ಇತ್ತು. ಅದರಲ್ಲಿ ಹೆಕ್ಕಲು ಏನೂ ಇರಲಿಲ್ಲ. ಅಂಚಿನಿಂದ ಅಂಚಿಗೆ ಬೆಳ್ಳಗೆ, ಒಂದೇ ಹತ್ತಿಯ ಹಾಸಿಗೆ. ಬೆಳಕಿನಿಂದ ಮೊದಲು ಸತ್ತದ್ದು ಅಲ್ಲೇ, ಬೂಷ್ಟು ಮೊದಲು ಹಿಡಿದದ್ದೂ ಅಲ್ಲೇ, ಮಿಕ್ಕ ತಟ್ಟೆಗಳಿಗೆ ಹಬ್ಬಿದ್ದೂ ಅಲ್ಲಿಂದಲೇ ಇರಬೇಕು. ಎಲ್ಲ ಸರಿಯಾಗಿ ಹೊಂದಿಕೊಂಡಿತು. ಇಷ್ಟು ದಿನಗಳಲ್ಲಿ ಅವಳಿಗೆ ಸ್ಪಷ್ಟವಾಗಿ ಅರ್ಥವಾದದ್ದು ಇದೊಂದೇ, ಮತ್ತು ಇದನ್ನು ಆಡುವ ಹಾಗಿರಲಿಲ್ಲ.

"ಈ ತಟ್ಟೆ ಯಾಕಿಷ್ಟು ಹಾಳಾಯ್ತು?" ಎಂದು ಅತ್ತೆ ಇಣುಕಿದರು.

"ತಾಯಿಮೀನು ಎಳೇದಿತ್ತೇನೋ," ಎಂದಳು. "ಕೆಲವು ಮೊಟ್ಟೆ ಮೊದಲೇ ಚೆನ್ನಾಗಿರಲ್ಲ."

ತಟ್ಟೆಯನ್ನು ಎತ್ತಿ ಮೈದುನನ ಕೈಗೆ ಕೊಟ್ಟಳು. ಅವನು ಅದನ್ನು ನೋಡಿದ, ನೆತ್ತಿಯ ಮೇಲಿನ ಬಲ್ಬು ನೋಡಿದ, ಅವಳ ಮುಖ ನೋಡಿದ. ಬಾಯಿ ಬಿಡದೆ ಹೊತ್ತುಕೊಂಡು ಹೋದ. ಆ ಕ್ಷಣದಿಂದ ಅವಳಿಗೆ ಅವನ ಮೇಲೆ ಒಂದು ಬಗೆಯ ಗೌರವ ಬಂತು.

ಸಂಜೆ ಅವನು ಒಳಗಿನ ಬಲ್ಬು ಬಿಚ್ಚಿ, ವೈರು ಎಳೆದು, ಕಂಬಳಿಯ ಹೊರಗೆ ಬಾಗಿಲ ಮೇಲೆ ಹಾಕಿದ. "ಅಮ್ಮ, ಇನ್ಮೇಲೆ ಇಲ್ಲಿ ಹಚ್ಚು. ಒಳಗೆ ಮಕ್ಕಳು ಮಲಗಿರ್ತವೆ," ಎಂದ. ಅತ್ತೆ ಹಚ್ಚಿದರು. ಹಿತ್ತಲ ನೆಲದ ಮೇಲೆ ಬೆಳಕು ಬಿತ್ತು. ಅತ್ತೆಗೆ ಎಷ್ಟು ತಿಳಿಯಿತೋ ಅವಳಿಗೆ ತಿಳಿಯಲಿಲ್ಲ.

ಉಳಿದ ತಟ್ಟೆಗಳಲ್ಲಿ ಬೂಷ್ಟು ಮತ್ತೆ ಕಾಣಿಸಿತು, ಮತ್ತೆ ಹೆಕ್ಕಿದರು. ಕೆಲವನ್ನು ಕಳೆದುಕೊಂಡರು. ಕೊನೆಗೊಂದು ಬೆಳಿಗ್ಗೆ ಜಾಲರಿಯ ಸಂದಿಯಿಂದ ಕೂದಲೆಳೆಯಂಥ ಮರಿಗಳು ಕೆಳಗಿಳಿದು, ಹೊಟ್ಟೆಗೆ ಕಿತ್ತಳೆ ಚೀಲ ಕಟ್ಟಿಕೊಂಡು, ತೊಟ್ಟಿಯ ತಳದಲ್ಲಿ ಪಕ್ಕಕ್ಕೆ ಮಲಗಿ ನಡುಗತೊಡಗಿದವು. ಎಷ್ಟೆಂದು ಯಾರೂ ಎಣಿಸಲಿಲ್ಲ. ಮೈದುನ ಬಗ್ಗಿ ನೋಡಿ, "ಇಷ್ಟೇನಾ? ನಾನು ಮೀನು ಅಂದುಕೊಂಡಿದ್ದೆ," ಎಂದ. ಲಾರಿಗೆ ವಾಪಸು ಹೋಗುವಾಗ ನೀರಿನ ವಿಷಯ, ಬೀಗದ ವಿಷಯ ಎತ್ತಲಿಲ್ಲ. "ಔಷಧಿ ತರ್ತೀನಿ, ಒಳಗೆ ಬೆಚ್ಚಗಿಡಿ ಅತ್ತಿಗೆ," ಎಂದಷ್ಟೇ ಹೇಳಿ ಹೋದ.

ಕಣ್ಣುಗಾಜು ಅವಳ ಬಳಿಯೇ ಉಳಿದಿತ್ತು. ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಆಗಾಗ ತೆಗೆದು ಏನಾದರೂ ನೋಡುತ್ತಿದ್ದಳು. ಉಪ್ಪಿನ ಹರಳು, ಕೋಟಿನ ತೋಳಿನ ಎಳೆ. ಒಮ್ಮೆ ಅರ್ಧ ಬಾಚಣಿಗೆಯ ಹಲ್ಲಿನಲ್ಲಿ ಸಿಕ್ಕಿದ್ದ ಕೂದಲು. ಕೂದಲು ಕಂದು ಬಣ್ಣದ್ದಾಗಿತ್ತು. ಅವನದು ಕಪ್ಪೆಂದೇ ಅವಳು ನಂಬಿದ್ದಳು. ಇದು ಅವನದು ಹೌದೋ ಅಲ್ಲವೋ ಎಂಬ ಸಂಶಯವೂ ಬಂತು. ಗಾಜಿನಲ್ಲಿ ನೋಡಿದರೆ ಎಲ್ಲವೂ ಬೇ‍ರೆಯೇ ಆಗಿಬಿಡುತ್ತಿತ್ತು.

"ಕೊಟ್ಟು ಬಾರೇ ಅದನ್ನ," ಎಂದರು ಅತ್ತೆ. "ಆ ಮನುಷ್ಯ ಕೆನ್ನೆ ಕುಯ್ಕೊಂಡು ಕೂತಿದಾನೆ. ಕೇಳೋ ಜಾತಿಯವನಲ್ಲ ಅವನು."

ಬಸ್ ನಿಲ್ದಾಣದ ಹಿಂದಿನ ಗೂಡಂಗಡಿಯಲ್ಲಿ ಗೋಡೆ ತುಂಬ ಗಡಿಯಾರಗಳಿದ್ದವು. ಒಂದರಲ್ಲಿ ಬೆಳಗಾಗಿತ್ತು, ಒಂದರಲ್ಲಿ ಊಟದ ಹೊತ್ತು ಮೀರಿತ್ತು, ಹಲವು ನಿಂತೇ ಇದ್ದವು. ಅವಳು ಕಾಲೇಜಿಗೆ ಹೋಗುವ ದಾರಿ ಅದು. ರಜೆ ಅಂದೇ ಮುಗಿದಿತ್ತು.

"ಇದರಲ್ಲಿ ಯಾವುದು ಸರಿ?" ಎಂದು ಕೇಳಿದಳು.

"ರಿಪೇರಿಗೆ ಬಂದವು ತಾಯಿ. ಸರಿ ಇರೋದನ್ನ ಇಲ್ಲಿಗೆ ಯಾರು ತರ್ತಾರೆ?" ಅವರು ಒಡೆದ ಅಂಚಿನ ಗಾಜನ್ನು ಕಣ್ಣಿನಿಂದ ತೆಗೆದರು. ಕೆನ್ನೆಯ ಗೀರು ಹುಣ್ಣಾಗಿತ್ತು. "ಕಂಡಿತಾ?"

"ಕಂಡಿತು."

"ಕಣ್ಣು?"

"ಕಣ್ಣೂ ಕಂಡಿತು. ಈಗ ಮರಿಯಾಗಿವೆ." ಇನ್ನೂ ಏನೋ ಹೇಳಬೇಕಿತ್ತು. ತಡವಾದುದಕ್ಕೆ ಗಂಡನ ಪರವಾಗಿ ಕ್ಷಮೆ ಕೇಳಬೇಕೇ, ಆ ನಗುವಿನ ಬಗ್ಗೆ ಕೇಳಬೇಕೇ, ಅವನು ಕೂತ ಬೆಂಚು ಇದೇನಾ ಎಂದು ಕೇಳಬೇಕೇ? ಕೋಟಿನ ಜೇಬಿನಿಂದ ಕಣ್ಣುಗಾಜು ತೆಗೆದು, ಬಟ್ಟೆಯಿಂದ ಒಮ್ಮೆ ಒರೆಸಿ, ಗಾಜಿನ ಕಟ್ಟೆಯ ಮೇಲಿಟ್ಟಳು. "ಅವರು ವಾಪಸು ಕೊಡ್ತೀನಿ ಅಂದಿದ್ರಲ್ಲ."

"ಅಂದಿದ್ರು," ಎಂದು ಅವರು ಅದನ್ನು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. "ಮೀನಿನ ವಾಸನೆ." ಮುಖ ಸಿಂಡರಿಸಲಿಲ್ಲ. ಹಾಗೆಯೇ ಕಣ್ಣಿಗೆ ಸಿಕ್ಕಿಸಿಕೊಂಡು, ಮುಂದೆ ಬಿಚ್ಚಿಟ್ಟಿದ್ದ ಗಡಿಯಾರದ ಮೇಲೆ ಬಗ್ಗಿದರು.

ಅವಳ ಕೈ ಇನ್ನೂ ಕಟ್ಟೆಯ ಮೇಲೆ ಚಾಚಿಕೊಂಡೇ ಇತ್ತು. ಕೊಟ್ಟದ್ದೋ ಇಸಿದುಕೊಳ್ಳಲು ಕಾದದ್ದೋ ಹೇಳಲಾಗದಂತೆ. ಅದನ್ನು ಹಿಂದಕ್ಕೆಳೆದು ಜೇಬಿಗೆ ಹಾಕಿಕೊಂಡಳು.